ಧೋಂಡಿಯ ವಾಘ

ಕೃಷ್ಣಾ ತುಂಗಭದ್ರೆಗಳ ನಡುವಣ ದೋಆಬ ಪ್ರಾಂತದಲ್ಲಿ ಒಬ್ಬನೇ ಒಡೆಯನ ಉಪ್ಪನ್ನುಂಡು ಬಾಳಿ ಮಡಿದ ದಂಡಾಳುಗಳು ವಿರಳರೆಂದೇ ಹೇಳಬೇಕು. ಆ ಸೀಮೆಯ ಕೋಟೆಗಳೇ ಒಡೆಯರನ್ನು ಬದಲಿಸುತ್ತಿರುವಾಗ ಕೋಟೆಯನ್ನು ಕಾಯುವ ಆಳು ಎಷ್ಟು ಕಾಲ ಒಬ್ಬನ ಪಕ್ಷದಲ್ಲಿ ನಿಂತಾನು? ಮುದಗಲ್ಲಿನ ದುರ್ಗವನ್ನೇ ನೋಡಬಹುದು. ಬಹಮನಿಯವರಿಗೂ ವಿಜಯನಗರದವರಿಗೂ ಅದು ಎಷ್ಟೋ ಸಲ ಕೈಬದಲಾಯಿತು. ಮುದಗಲ್ಲಿನ ಅಕ್ಕಸಾಲೆಯೊಬ್ಬನ ಮಗಳ ನಿಮಿತ್ತವಾಗಿ ೧೪೦೬ರಲ್ಲಿ ಒಂದನೆಯ ದೇವರಾಯನಿಗೂ ಫಿರೋಜಶಹನಿಗೂ ಯುದ್ಧ ನಡೆದ ಕಥೆಯನ್ನು ಫೆರಿಸ್ತಾ ಬರೆದಿಟ್ಟಿದ್ದಾನೆ. ಅನಂತರ ವಿಜಾಪುರದ ಆದಿಲಶಾಹಿ, ಅನಂತರ ಮೊಗಲರು, ಅವರ ತರುವಾಯ ಹೈದರಾಬಾದಿನ ನಿಜಾಮರು ಆ ಕೋಟೆಯ ಬೀಗದ ಕೈಗಳನ್ನು ಹಿಡಿದರು.

ಹೀಗೆ ಒಡೆತನವು ಅಸ್ಥಿರವಾಗಿದ್ದ ನಾಡಿನಲ್ಲಿ ಸೇವೆಯೂ ಅಸ್ಥಿರವಾಗಿದ್ದುದು ಸಹಜವೇ. ೧೫೨೦ರ ರಾಯಚೂರು ಮುತ್ತಿಗೆಯಲ್ಲಿ ಕ್ರಿಸ್ಟೋವಾವ್ ದ ಫಿಗೇರೆದೊ ಎಂಬ ಪೋರ್ಚುಗೀಜನು ತನ್ನ ಬಂದೂಕಿನವರೊಡನೆ ಕೃಷ್ಣದೇವರಾಯನ ಪಕ್ಷದಲ್ಲಿ ಹೋರಾಡಿದನು. ಎದುರು ಪಕ್ಷವಾದ ಆದಿಲಶಹನ ಸೇನಾಪತಿ ಸಲಾಬತಖಾನನ ಕೈಕೆಳಗೂ ಸ್ವದೇಶವನ್ನು ತೊರೆದ ಪೋರ್ಚುಗೀಜರು ಇದ್ದರೆಂದು ಅದೇ ಜಾತಿಯ ನೂನಿಜನು ಬರೆದಿರುವನು. ಅಳಿಯ ರಾಮರಾಯನಂಥ ರಾಮರಾಯನೇ ತಾರುಣ್ಯದಲ್ಲಿ ಗೋಲ್ಕೊಂಡದ ಕುಲಿ ಕುತುಬಶಹನ ಊಳಿಗದಲ್ಲಿದ್ದು, ವಿಜಾಪುರದ ದಂಡಿಗೆ ಹಿಮ್ಮೆಟ್ಟಿ ಬಂದನೆಂಬ ಕಾರಣದಿಂದ ಅಲ್ಲಿ ಹೊರಗೆ ಹಾಕಿಸಿಕೊಂಡು, ಆಮೇಲೆ ವಿಜಯನಗರಕ್ಕೆ ಬಂದನೆಂದು ಗೋಲ್ಕೊಂಡದ ಇತಿಹಾಸಕಾರನು ಹೇಳುತ್ತಾನೆ. ಇದನ್ನು ಆ ಕಾಲದವರು ದ್ರೋಹವೆಂದು ಎಣಿಸಿದಂತೆ ತೋರುವುದಿಲ್ಲ. ಒಂದು ದರಬಾರಿನಲ್ಲಿ ಬೆಳಕು ಕಾಣದವನು ಮತ್ತೊಂದು ದರಬಾರಿಗೆ ಹೋಗುವನು. ಹೋಗಲು ಮತ್ತೊಂದು ದರಬಾರು ಯಾವಾಗಲೂ ಇರುತ್ತಿತ್ತು.

ಹಾಗೆ ಹೋಗಲು ಮತ್ತೊಂದು ದರಬಾರು ಇಲ್ಲದಂತಾದ ಗಳಿಗೆ ಯಾವುದು? ಧೋಂಡಿಯ ವಾಘನೆಂಬ ರಾವುತನ ಚರಿತ್ರೆಯು ಈ ಪ್ರಶ್ನೆಗೆ ಬಹುಮಟ್ಟಿಗೆ ಉತ್ತರವನ್ನು ಕೊಡುತ್ತದೆ. ಚೆನ್ನಗಿರಿಯಲ್ಲಿ ಹುಟ್ಟಿ, ಮೈಸೂರು, ಲಕ್ಷ್ಮೇಶ್ವರ, ಮರಳಿ ಮೈಸೂರು, ಕೊಲ್ಲಾಪುರ ಎಂದು ಊಳಿಗದಿಂದ ಊಳಿಗಕ್ಕೆ ಅಲೆದು, ಕಟ್ಟಕಡೆಗೆ ತಾನೇ ಅರಸನೆನ್ನಿಸಿಕೊಂಡು, ೧೮೦೦ನೆಯ ಇಸವಿ ಸೆಪ್ಟೆಂಬರ್ ೧೦ರಂದು ಇದೇ ದೋಆಬಿನಲ್ಲಿ ಮಡಿದವನು ಅವನು. ಆತನನ್ನು ಕುರಿತು ನಮಗೆ ದೊರೆಯುವ ಸಂಗತಿಗಳಲ್ಲಿ ಹೆಚ್ಚಿನವು ಅವನ ಶತ್ರುಗಳ ಲೇಖನಿಯಿಂದ ಬಂದವು. ಕರ್ನಲ್ ವಿಲ್ಕ್ಸನ ಮೈಸೂರಿನ ಇತಿಹಾಸ, ಆರ್ಥರ್ ವೆಲ್ಲೆಸ್ಲಿಯ ದಂಡಿನ ಕಾಗದಗಳು, ಗ್ರಾಂಟ್ ಡಫನ ಮರಾಠರ ಇತಿಹಾಸ ಇವೇ ಮುಖ್ಯವಾದವು. ಇವುಗಳಲ್ಲಿ ಅವನಿಗೆ ಕೊಟ್ಟ ಹೆಸರು ಒಂದೇ: ಲೂಟಿಗಾರ. ವಾಚಕರು ಇದನ್ನು ನೆನಪಿನಲ್ಲಿಟ್ಟುಕೊಂಡೇ ಮುಂದಿನದನ್ನು ಓದಬೇಕು.

ಧೋಂಡಿಯನು ಮರಾಠಾ ಮನೆತನದವನು. ಹೈದರಾಲಿಯ ಕಾಲದಲ್ಲಿ ಮೈಸೂರಿನ ಕುದುರೆ ದಂಡಿಗೆ ಸಾಮಾನ್ಯ ರಾವುತನಾಗಿ ಸೇರಿದನು. ಅಂದಿನ ಕುದುರೆ ದಂಡಿನಲ್ಲಿ ಎರಡು ಬಗೆಯ ಆಳುಗಳಿರುತ್ತಿದ್ದರು. ಸರಕಾರದ ಅಥವಾ ಸರದಾರನ ಕುದುರೆಯನ್ನೇರಿ ಸಂಬಳ ಪಡೆಯುವವನು ಬಾರಗೀರ. ಸ್ವಂತ ಕುದುರೆ, ಸ್ವಂತ ಆಯುಧಗಳೊಡನೆ ಬಂದು ಸೇರುವವನು ಸಿಲೇದಾರ. ಸಿಲೇದಾರನ ಆಸ್ತಿಯೆಲ್ಲ ಅವನ ಕಾಲಡಿಯ ಪ್ರಾಣಿಯೇ. ಅದು ಸತ್ತರೆ ಅವನ ಬದುಕೂ ಮುಗಿದಂತೆ. ಅದು ಬದುಕಿದ್ದರೆ ಯಾವ ದಂಡಿನಲ್ಲಿಯೂ ಅವನಿಗೆ ಸ್ಥಳವುಂಟು. ಆದುದರಿಂದ ಇಂಥವನು ಯುದ್ಧಕ್ಕೆ ಹೋಗುವಾಗ ರಾಜ್ಯದ ಲಾಭನಷ್ಟಗಳ ಜೊತೆಗೆ ತನ್ನ ಕುದುರೆಯ ಲಾಭನಷ್ಟವನ್ನೂ ಲೆಕ್ಕಹಾಕುತ್ತಿದ್ದನು. ಸಂಬಳವು ತಿಂಗಳುಗಟ್ಟಲೆ ತಡೆದರೆ ಶತ್ರುವಿನ ಸೀಮೆಯ ಸುಲಿಗೆಯೇ ಅವನ ಸಂಬಳ. ಈ ಪದ್ಧತಿಯನ್ನು ಅರಿತಲ್ಲದೆ ಧೋಂಡಿಯನಂಥವರ ನಡತೆಯನ್ನು ತೂಗಿ ನೋಡುವುದು ನ್ಯಾಯವಾಗಲಾರದು. ಆತನ ಪರಾಕ್ರಮಕ್ಕಾಗಿ ಬಂದ ‘ವಾಘ’ ಎಂಬ ಬಿರುದು ಹುಲಿಯೆಂಬ ಅರ್ಥದ್ದು. ಹುಲಿಯನ್ನೇ ರಾಜಲಾಂಛನವಾಗಿ ಮಾಡಿಕೊಂಡಿದ್ದ ಟೀಪುವಿನ ದಂಡಿನಲ್ಲಿ ಅದೇನೂ ಸಣ್ಣ ಬಿರುದಲ್ಲ.

೧೭೯೦ರಿಂದ ೧೭೯೨ರ ವರೆಗೆ ನಡೆದ ಮೂರನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷರು, ಪೇಶವೆ, ನಿಜಾಮ ಮೂವರೂ ಕೂಡಿ ಟೀಪುವಿನ ಮೇಲೆ ಬಿದ್ದರು. ಆ ಗದ್ದಲದಲ್ಲಿ ಧೋಂಡಿಯನು ಕೈಗೆ ಸಿಕ್ಕಷ್ಟು ಸುಲಿಗೆಯೊಡನೆ ಮೈಸೂರು ದಂಡನ್ನು ಬಿಟ್ಟು ಹೊರಟು, ಲಕ್ಷ್ಮೇಶ್ವರದ ದೇಸಾಯಿಯ ಆಶ್ರಯವನ್ನು ಪಡೆದನು. ಶಾಂತಿಯ ಒಪ್ಪಂದವಾಗಿ ದೊಡ್ಡ ದಂಡುಗಳು ತಿರುಗಿ ಹೋದಮೇಲೆ ತಾನೇ ಒಂದು ಗುಂಪನ್ನು ಕಟ್ಟಿ, ೧೭೯೩ರಲ್ಲಿ ಹಾವೇರಿಯನ್ನೂ ಸವಣೂರನ್ನೂ ಹಿಡಿದನು. ಧಾರವಾಡದ ಸೀಮೆಯು ಆಗ ಪೇಶವೆಯ ಕೈಯಲ್ಲಿತ್ತು. ಅಲ್ಲಿಯ ಅಧಿಕಾರಿಯಾದ ಧೋಂಡೋಪಂತ ಗೋಖಲೆಯು ಇವನ ಮೇಲೆ ದಂಡೆತ್ತಿ ಬಂದು ನೆಲೆಯಿಲ್ಲದಂತೆ ಮಾಡಿದನು. ಇಬ್ಬರ ಹೆಸರೂ ಒಂದೇ. ವೈರವು ಮಾತ್ರ ಆರು ವರ್ಷಗಳ ತನಕ ಆರಲಿಲ್ಲ. ಗೋಖಲೆಯ ಎದೆಯ ರಕ್ತದಿಂದ ತನ್ನ ಮೀಸೆಗೆ ಬಣ್ಣ ಹಾಕಿಕೊಳ್ಳುವೆನೆಂದು ಧೋಂಡಿಯನು ಪ್ರತಿಜ್ಞೆ ಮಾಡಿದ್ದನೆಂದು ಮರಾಠರಲ್ಲಿ ಹೇಳಿಕೆಯುಂಟು.

ಮರಾಠರ ಸೀಮೆಯಲ್ಲಿ ನಿಲ್ಲಲಾರದೆ ೧೭೯೪ರಲ್ಲಿ ಧೋಂಡಿಯನು ತಾನು ಬಿಟ್ಟುಬಂದ ಟೀಪುವಿನ ಬಳಿಗೇ ಹೋದನು. ಸುಲ್ತಾನನು ಕರೆದುಕೊಂಡನು. ಅಲ್ಲಿ ಆತನನ್ನು ಇಸ್ಲಾಂ ಮತಕ್ಕೆ ಸೇರಿಸಿ ಶೇಖ್ ಅಹಮದ್ ಎಂದು ಹೆಸರಿಟ್ಟರು. ಇದು ಬಲಾತ್ಕಾರದಿಂದ ನಡೆಯಿತೆಂದು ವಿಲ್ಕ್ಸನು ಬರೆದಿದ್ದಾನೆ. ಮಲಿಕ್ ಜಹಾನ್ ಖಾನ್ ಎಂಬ ಹೆಸರೂ ಆತನಿಗೆ ಸಲ್ಲುತ್ತದೆ. ಆದರೆ ಒಮ್ಮೆ ಓಡಿಹೋದವನ ಮೇಲೆ ಪೂರ್ಣ ವಿಶ್ವಾಸವನ್ನಿಡುವ ಸ್ವಭಾವ ಟೀಪುವಿನದಾಗಿರಲಿಲ್ಲ. ಹೊಸ ಹೆಸರು ಬಂದರೂ ಪದವಿಯು ಉಳಿಯಲಿಲ್ಲ. ಧೋಂಡಿಯನು ಶ್ರೀರಂಗಪಟ್ಟಣದ ಸೆರೆಮನೆಗೆ ಬಿದ್ದು ಸಂಕೋಲೆಗಳಲ್ಲಿ ವರ್ಷಗಳನ್ನು ಕಳೆಯಬೇಕಾಯಿತು.

೧೭೯೯ನೆಯ ಇಸವಿ ಮೇ ೪ರಂದು ಇಂಗ್ಲಿಷರು ಕೋಟೆಯನ್ನು ಏರಿ ಹಿಡಿದರು, ಟೀಪುವು ಮಡಿದನು. ಸೆರೆಮನೆಗಳ ಬಾಗಿಲುಗಳನ್ನು ತೆರೆದ ಇಂಗ್ಲಿಷ್ ಸೋಜರರು ಟೀಪುವಿನ ಸೆರೆಯಾಳುಗಳೆಲ್ಲರೂ ಕರುಣೆಗೆ ಪಾತ್ರರೇ ಎಂದೆಣಿಸಿ ಧೋಂಡಿಯನ ಬೇಡಿಗಳನ್ನೂ ಕಳಚಿದರು. ಹದಿನಾರು ತಿಂಗಳವರೆಗೆ ತಮ್ಮನ್ನು ಮಲೆನಾಡಿನಿಂದ ಬಯಲುಸೀಮೆಗೆ ಓಡಾಡಿಸಲಿದ್ದವನನ್ನು ತಮ್ಮ ಕೈಯಿಂದಲೇ ಬಿಟ್ಟೆವೆಂಬುದು ಅವರಿಗೆ ಬೇಗನೆ ತಿಳಿಯಿತು.

ಆ ವಿಜಯದ ಮರುದಿನಗಳಲ್ಲಿ ಯಾರ್ಯಾರಿಗೆ ಏನೇನು ದೊರೆಯಿತೆಂಬುದನ್ನು ಇಲ್ಲಿ ಗಮನಿಸಬೇಕು. ಒಡೆಯರ ವಂಶದ ಬಾಲಕನಿಗೆ ಸಿಂಹಾಸನವಾಯಿತು. ಟೀಪುವಿನ ಅಮಾತ್ಯನಾಗಿದ್ದ ಪೂರ್ಣಯ್ಯನೇ ಹೊಸ ರಾಜ್ಯದ ದಿವಾನನಾದನು. ಸೇನಾಪತಿ ಕಮರುದ್ದೀನಖಾನನಿಗೆ ಗುರ್ರಂಕೊಂಡದ ಜಹಗೀರು ಬಂದಿತು. ಸುಲ್ತಾನನ ಮಕ್ಕಳಿಗೆ ವೇಲೂರಿನಲ್ಲಿ ವಾಸವೂ ವರ್ಷಾಶನವೂ ಗೊತ್ತಾದುವು. ಸಾವಿರಗಟ್ಟಲೆ ರಾವುತರಿಗೆ ಮಾತ್ರ ಏನೂ ಇರಲಿಲ್ಲ. ಅವರ ಸರದಾರರು ಜಹಗೀರು ಪಡೆದು ಕುಳಿತಿದ್ದರು; ಅವರಿಗೆ ಬಿತ್ತಲು ಹೊಲವಿರಲಿಲ್ಲ, ಬಲ್ಲ ಕಸುಬು ಒಂದೇ, ಆ ಕಸುಬಿಗೆ ಕೊಳ್ಳುವವರು ಇರಲಿಲ್ಲ. ಕಂಪನಿ ಸರಕಾರವು ಕವಾಯಿತಿನ ಕಾಲಾಳುಗಳನ್ನು ನೆಚ್ಚಿದ್ದ ಸರಕಾರ. ಸ್ವಂತ ಕುದುರೆಯ ಸಿಲೇದಾರನು ಅದಕ್ಕೆ ಬೇಕಾಗಿರಲಿಲ್ಲ. ಇಂಥವರು ಬಿದನೂರಿನ ಕಡೆಗೆ ಹೊರಟ ಧೋಂಡಿಯನ ಸುತ್ತಲೂ ನೆರೆದರೆಂಬುದರಲ್ಲಿ ಆಶ್ಚರ್ಯವೇನು? ಬೇಡಿಯನ್ನು ಕಳಚಿಕೊಂಡ ಒಂದೆರಡು ತಿಂಗಳಲ್ಲಿಯೇ ಬಿದನೂರು, ಶಿವಮೊಗ್ಗೆ, ಶಿಕಾರಿಪುರಗಳ ಸೀಮೆಯೆಲ್ಲ ಅವನ ಹೆಸರಿಗೆ ನಡುಗುವಂತಾಯಿತು. ಸುಲಿಗೆ, ಸುಡಿಗೆ, ಹಿಂಸೆಗಳು ನಡೆದುವೆಂಬುದನ್ನು ಅಲ್ಲಗಳೆಯಲಾಗದು. ಆ ಸೀಮೆಯ ರೈತರಿಗೆ ಧೋಂಡಿಯನು ರಾಜ್ಯೋದ್ಧಾರಕನಾಗಿ ಕಂಡಿರುವ ಸಂಭವವೂ ಕಡಮೆ.

ಕಂಪನಿಯವರು ಕರ್ನಲ್ ಸ್ಟೀವನ್ಸನ್, ಲೆಫ್ಟಿನೆಂಟ್ ಕರ್ನಲ್ ಡಾಲ್‌ರಿಂಪಲ್ ಎಂಬಿಬ್ಬರನ್ನು ಎರಡು ದಾರಿಗಳಿಂದ ಕಳುಹಿದರು. ಡಾಲ್‌ರಿಂಪಲನು ಸೆರೆಸಿಕ್ಕವರನ್ನು ಯುದ್ಧಕೈದಿಗಳೆಂದು ಎಣಿಸದೆ ಗಲ್ಲಿಗೇರಿಸಿದನು. ಟೀಪುವಿನ ದಂಡಿನಲ್ಲಿದ್ದಾಗ ಹಿಡಿಯಲ್ಪಟ್ಟಿದ್ದರೆ ಇದೇ ಆಳುಗಳು ಸೆರೆಯಾಳುಗಳ ಮರ್ಯಾದೆಯನ್ನು ಪಡೆಯುತ್ತಿದ್ದರು. ಬೆನ್ನ ಹಿಂದೆ ಒಬ್ಬ ಅರಸನ ಹೆಸರು ಇಲ್ಲದ್ದರಿಂದ ಅವರ ಕತ್ತಿಗೆ ಈಗ ಕಳ್ಳನ ಕತ್ತಿಯ ಬೆಲೆ ಬಂದಿತು. ಆಗಸ್ಟ್ ತಿಂಗಳಲ್ಲಿ ಶಿಕಾರಿಪುರದ ಕೋಟೆಯೂ ಹೋಯಿತು. ಧೋಂಡಿಯನು ಗಡಿಯನ್ನು ದಾಟಿ ಮರಾಠರ ಸೀಮೆಗೆ ಹೊಕ್ಕನು. ಪೇಶವೆಯ ನೆಲದಲ್ಲಿ ಕಾಲಿಡಲು ಇಂಗ್ಲಿಷರಿಗೆ ಅಪ್ಪಣೆಯಿರಲಿಲ್ಲ. ಅಲ್ಲಿ ಹಳೆಯ ವೈರಿ ಗೋಖಲೆಯು ಕಾದಿದ್ದು ಅವನ ಪಾಳೆಯದ ಮೇಲೆ ಬಿದ್ದು ಇದ್ದುದನ್ನೆಲ್ಲ ಕಸಿದುಕೊಂಡನು. ಬರಿಗೈಯಾದ ಧೋಂಡಿಯನು ಕೊಲ್ಲಾಪುರಕ್ಕೆ ಹೋಗಿ, ಆಗ ಪಟವರ್ಧನರೊಡನೆ ಜಗಳವಾಡುತ್ತಿದ್ದ ಅಲ್ಲಿಯ ಮಹಾರಾಜನಲ್ಲಿ ಊಳಿಗವನ್ನು ಹಿಡಿದನು. ಇದೇ ಅವನ ಕಟ್ಟಕಡೆಯ ಊಳಿಗ. ಅಲ್ಲಿಯೂ ಹೆಚ್ಚು ದಿನ ನಿಲ್ಲಲಿಲ್ಲ. ೧೮೦೦ರ ಆರಂಭದ ತಿಂಗಳುಗಳಲ್ಲಿ ಮರಳಿ ಧಾರವಾಡದ ಸೀಮೆಗೆ ಇಳಿದು, ಡಂಬಳ, ಕುಂದಗೋಳ ಮೊದಲಾದ ಕೋಟೆಗಳನ್ನು ಕೈವಶಮಾಡಿಕೊಂಡು, ಯಾರ ಹೆಸರನ್ನೂ ಹಿಡಿಯದೆ ತನ್ನ ಹೆಸರಿನಲ್ಲಿಯೇ ಅಧಿಕಾರವನ್ನು ನಡೆಸತೊಡಗಿದನು. ‘ಉಭಯಲೋಕಾಧೀಶ್ವರ’ನೆಂಬ ಬಿರುದನ್ನು ಧರಿಸಿದ್ದು ಆಗಲೇ.

ಆ ಬಿರುದನ್ನು ಇಂಗ್ಲಿಷ್ ಅಧಿಕಾರಿಗಳು ತಮ್ಮ ಕಾಗದಗಳಲ್ಲಿ ಬೇಕಾದಷ್ಟು ಹಾಸ್ಯಮಾಡಿದ್ದಾರೆ. ಅದರಲ್ಲಿ ನಗುವಂಥದೇನೂ ಇಲ್ಲ. ಹೈದರನು ಯಾವ ಅರಸನ ಮಗ? ಒಬ್ಬ ನಾಯಕನಾಗಿದ್ದವನು ನವಾಬನಾದನು. ಸೇವೆಯಿಂದ ಸೇವೆಗೆ ಹೋಗುತ್ತ ಮೇಲಕ್ಕೇರಿ ಅರಸನಾಗುವ ದಾರಿಯು ದಕ್ಷಿಣದಲ್ಲಿ ನಾಲ್ಕು ಶತಮಾನಗಳಿಂದ ತೆರೆದೇ ಇತ್ತು. ಧೋಂಡಿಯನು ಆ ದಾರಿಯಲ್ಲಿಯೇ ಹೊರಟವನು. ಆ ಕಾಲದಲ್ಲಿ ಕನ್ನಡ ಜಿಲ್ಲೆಯ ಕಲೆಕ್ಟರನಾಗಿದ್ದ ಥಾಮಸ್ ಮನ್ರೋ ಎಂಬ ವಿವೇಕಿಯು ಇದನ್ನು ಸರಿಯಾಗಿ ಕಂಡನು. ಧೋಂಡಿಯನು ಸತ್ತಮೇಲೆ ವೆಲ್ಲೆಸ್ಲಿಗೆ ಬರೆದ ಕಾಗದದಲ್ಲಿ, ನೀವೂ ನಿಮ್ಮ ದಂಡೂ ಅಡ್ಡ ಬಾರದೆ ಇದ್ದಿದ್ದರೆ ಈತನು ಸ್ವತಂತ್ರನಾದ ಪ್ರಬಲ ರಾಜನಾಗಿ ಹೊಸದೊಂದು ಸುಲ್ತಾನರ ವಂಶವನ್ನೇ ಸ್ಥಾಪಿಸುತ್ತಿದ್ದನೆಂಬ ಅಭಿಪ್ರಾಯವನ್ನು ತಿಳಿಸಿದ್ದಾನೆ. ಆ ಸುಲ್ತಾನರು ಕ್ರೂರರೂ ಕಪಟಿಗಳೂ ಆಗಿರುತ್ತಿದ್ದರೆಂದು ಸೇರಿಸಲು ಮಾತ್ರ ಅವನು ಮರೆಯಲಿಲ್ಲ. ಇದಕ್ಕೆ ತೀರ ಬೇರೆಯಾದ ಮತವೂ ಉಂಟು. ೧೯೭೧ರಲ್ಲಿ ಪ್ರಕಟವಾದ ಕೆ. ರಾಜಯ್ಯನ್ ಅವರ ಗ್ರಂಥವು ಧೋಂಡಿಯನನ್ನು ಮಲಬಾರದ ಪಳಶಿರಾಜ, ಶಿವಗಂಗೆಯ ಮರುದು ಸಹೋದರರು ಇವರೊಡನೆ ಕಂಪನಿಯ ವಿರುದ್ಧ ಎದ್ದ ದಕ್ಷಿಣದ ದಂಗೆಯ ನಾಯಕರಲ್ಲಿ ಒಬ್ಬನನ್ನಾಗಿ ಎಣಿಸಿದೆ. ದೂತರು ಓಡಾಡುತ್ತಿದ್ದರೆಂಬುದು ನಂಬತಕ್ಕದ್ದೇ. ಆದರೆ ಧೋಂಡಿಯನ ಬಾಳನ್ನು ಮೊದಲಿನಿಂದ ನೋಡಿದವರಿಗೆ, ಅವನು ಹುಡುಕುತ್ತಿದ್ದುದು ಮೊದಲು ತನ್ನದೊಂದು ಗದ್ದಿಗೆಯನ್ನು ಎಂದು ತೋರದೆ ಇರದು.

ಶ್ರೀರಂಗಪಟ್ಟಣದಲ್ಲಿ ದಂಡಿನ ಅಧಿಕಾರವು ಆಗ ಕರ್ನಲ್ ಆರ್ಥರ್ ವೆಲ್ಲೆಸ್ಲಿಯದು. ಮುಂದೆ ೧೮೧೫ರಲ್ಲಿ ವಾಟರ್ಲೂ ಕಾಳಗದಲ್ಲಿ ನೆಪೋಲಿಯನ್ನನನ್ನು ಗೆದ್ದ ವೆಲಿಂಗ್ಟನ್ ಪ್ರಭುವು ಇವನೇ. ಅಣ್ಣನಾದ ಗವರ್ನರ್ ಜನರಲನು ಬಟೇವಿಯದ ಮೇಲೆ ಹೋಗುವ ದಂಡಿನ ನಾಯಕತ್ವವನ್ನು ಕೊಡುವೆನೆಂದರೂ, ಧೋಂಡಿಯನ ಕಾರ್ಯವು ಮುಗಿಯದೆ ಹೊರಡುವುದು ತರವಲ್ಲವೆಂದು ವೆಲ್ಲೆಸ್ಲಿಯು ಹಿಂದೆಗೆದನು. ಈ ಬಾರಿ ಪೇಶವೆಯ ನೆಲವನ್ನು ಹೊಗಲು ಅನುಮತಿಯೂ ದೊರೆಯಿತು. ಜೂನ್ ಕಡೆಯ ವಾರದಲ್ಲಿ ಹರಿಹರದ ಬಳಿ ತುಂಗಭದ್ರೆಯನ್ನು ದಾಟಿ ೨೭ರಂದು ರಾಣೆಬೆನ್ನೂರನ್ನು ಹಿಡಿದನು.

ಅಷ್ಟರಲ್ಲಿ ಧೋಂಡಿಯನು ತನ್ನ ಪ್ರತಿಜ್ಞೆಯನ್ನು ತೀರಿಸಿಕೊಂಡನು. ಜೂನ್ ೩೦ರಂದು ಕಿತ್ತೂರಿನ ಕಡೆಯಲ್ಲಿ ಗೋಖಲೆಯ ದಂಡು ಹಳ್ಳವೊಂದನ್ನು ದಾಟುತ್ತಿರುವಾಗ ಹಿಂದಿನಿಂದ ಬಿದ್ದು ಧೋಂಡೋಪಂತನನ್ನು ಕೊಂದನು. ಮೀಸೆಗೆ ರಕ್ತವನ್ನು ಹಚ್ಚಿಕೊಂಡನೆಂದೂ ಹೇಳುತ್ತಾರೆ. ಗೋಖಲೆಯ ಅಣ್ಣನ ಮಗನಾದ ಬಾಪು ಗೋಖಲೆಯು ಗಾಯಗೊಂಡು ತಪ್ಪಿಸಿಕೊಂಡನು. ಈತನೇ ಮುಂದೆ ಪೇಶವೆಯ ಕಡೆಯ ಸೇನಾಪತಿಯಾಗಿ ೧೮೧೮ರಲ್ಲಿ ಅಷ್ಟಿಯ ಕಾಳಗದಲ್ಲಿ ಇಂಗ್ಲಿಷರ ಕೈಯಿಂದ ಮಡಿದವನು. ೧೮೦೦ರಲ್ಲಿ ಮಾತ್ರ ಅವನು ಇಂಗ್ಲಿಷರ ಮಿತ್ರ.

ಮಳೆಗಾಲವು ಆರಂಭವಾಗಿತ್ತು. ಎರೆಯ ನೆಲದಲ್ಲಿ ಗಾಡಿಗಳು ಹೂತುಹೋಗುತ್ತಿದ್ದುವು. ಹೊಳೆಗಳು ತುಂಬಿ ಹರಿಯುತ್ತಿದ್ದುವು. ಮರಾಠರ ದಂಡುಗಳು ಮಳೆಗಾಲದಲ್ಲಿ ಮನೆ ಸೇರುವುದೇ ವಾಡಿಕೆ. ವೆಲ್ಲೆಸ್ಲಿಯು ಇದನ್ನೇ ತನ್ನ ಅನುಕೂಲವಾಗಿ ಮಾಡಿಕೊಂಡನು. ಹೊಳೆ ದಾಟಲು ಹರಿಗೋಲುಗಳನ್ನು ಹೆಣೆಯಿಸಿದನು. ಲಂಬಾಣಿಗರ ಎತ್ತಿನ ಹೇರುಗಳಿಂದ ಅಕ್ಕಿಯನ್ನು ತರಿಸಿದನು. ಪೂರ್ಣಯ್ಯನ ಆಡಳಿತವು ಮೈಸೂರಿನಿಂದ ದವಸವನ್ನೂ ಎತ್ತುಗಳನ್ನೂ ಒದಗಿಸುತ್ತಿತ್ತು. ಧೋಂಡಿಯನ ಆಳುಗಳ ಹೊಟ್ಟೆಯೂ ಕುದುರೆಗಳ ಹೊಟ್ಟೆಯೂ ಅವರು ತುಳಿದ ಊರುಗಳಿಂದಲೇ ತುಂಬಬೇಕಾಗಿತ್ತು. ತುಂಬಿದ ಹೊಳೆಯನ್ನು ದಾಟುವ ಸಾಧನವೂ ಬೆನ್ನಿಗೆ ಬರುವ ದವಸವೂ ಇದ್ದವನಿಗೆ, ಇವೆರಡೂ ಇಲ್ಲದವನು ಎಷ್ಟೇ ವೇಗದ ಕುದುರೆಯನ್ನೇರಿದ್ದರೂ ಒಂದು ದಿನ ಸಿಕ್ಕಲೇಬೇಕು. ವೆಲ್ಲೆಸ್ಲಿಯ ಕೀರ್ತಿಯಲ್ಲಿ ಲಂಬಾಣಿಗರ ಎತ್ತುಗಳ ಪಾಲು ಸಣ್ಣದಲ್ಲ.

ಜುಲೈ ೧೪ರಂದು ಕುಂದಗೋಳ, ೨೬ರಂದು ಡಂಬಳ, ಹೀಗೆ ಕೋಟೆಗಳು ಒಂದೊಂದಾಗಿ ಬಿದ್ದುವು. ಜುಲೈ ೩೦ರಂದು ಮುನವಳ್ಳಿಯ ಎದುರು ಮಲಪ್ರಭೆಯ ದಂಡೆಯಲ್ಲಿ ಇಳಿದಿದ್ದ ಧೋಂಡಿಯನ ಪಾಳೆಯದ ಮೇಲೆ ಇಂಗ್ಲಿಷ್ ಕುದುರೆ ದಂಡು ಬಿದ್ದಿತು. ಕತ್ತಿಗೆ ಸಿಕ್ಕದವರು ಹೊಳೆಗೆ ಹಾರಿದರು. ಆನೆ, ಒಂಟೆ, ಹೆಂಗಸರು, ಮಕ್ಕಳು ಎಲ್ಲವೂ ಪ್ರವಾಹದ ಪಾಲಾದಂತಾಯಿತು. ಅದಾಗಲೇ ಆಚೆಯ ದಡವನ್ನು ಮುಟ್ಟಿದ್ದ ತೋಪುಗಳನ್ನು, ಕೆಲವರು ಸೋಜರರು ಈಜಿ ಹೋಗಿ ದೋಣಿಯನ್ನು ಹಿಡಿದುಕೊಂಡು ವಶಪಡಿಸಿದರು. ಧೋಂಡಿಯನು ಮಾತ್ರ ಸಿಕ್ಕಲಿಲ್ಲ.

ಈ ಬೇಟೆಯ ನಡುವೆ ನಡೆದ ಒಂದು ಸಂಗತಿಯನ್ನು ಬಿಡುವಂತಿಲ್ಲ. ಧೋಂಡಿಯನ ಪಾಳೆಯದಲ್ಲಿದ್ದವನೊಬ್ಬನು ಅವನನ್ನು ಗುಟ್ಟಾಗಿ ಕೊಲ್ಲಿಸಿಕೊಡುವೆನೆಂದು ವೆಲ್ಲೆಸ್ಲಿಗೆ ಹೇಳಿಕಳುಹಿದನು. ವೆಲ್ಲೆಸ್ಲಿಯು ಒಪ್ಪಲಿಲ್ಲ. ಒಬ್ಬನ ತಲೆಗೆ ಬಹಿರಂಗವಾಗಿ ಬಹುಮಾನವನ್ನು ಸಾರುವುದು ಬೇರೆ, ಅವನ ಪ್ರಾಣವನ್ನು ತೆಗೆಯಲು ಗುಟ್ಟಿನ ವ್ಯಾಪಾರ ಮಾಡುವುದು ಬೇರೆ, ದಂಡಿನ ಮುಂದೆ ನಿಂತ ಅಧಿಕಾರಿಯು ಎರಡನೆಯದನ್ನು ಮಾಡಲಾರನೆಂಬುದು ಅವನು ರೆಸಿಡೆಂಟ್ ಬ್ಯಾರಿ ಕ್ಲೋಸನಿಗೆ ತಿಳಿಸಿದ ಅಭಿಪ್ರಾಯ. ಕಾಗದಗಳಲ್ಲಿ ಲೂಟಿಗಾರನೆಂದು ಕರೆದವನಿಗೆ, ಮನಸ್ಸಿನಲ್ಲಿ ಎದುರಾಳಿಯ ಮರ್ಯಾದೆಯನ್ನು ಅವನು ಕೊಟ್ಟಿದ್ದನೆಂದು ಇದರಿಂದ ಊಹಿಸಬಹುದು.

ಮಲಪ್ರಭೆಯ ನೀರು ಅನಿರೀಕ್ಷಿತವಾಗಿ ಇಳಿದುದರಿಂದ ಆಗಸ್ಟ್ ತಿಂಗಳ ಕೊನೆಯಲ್ಲಿ ಧೋಂಡಿಯನು ಹೊಳೆಯನ್ನು ದಾಟಿ ಮೂಡಣದ ಕಡೆಗೆ, ನಿಜಾಮನ ದೋಆಬಿಗೆ, ಹೊರಟನು. ಹಿಂದೆ ಎಷ್ಟೋ ಮಂದಿಗೆ ಆಶ್ರಯವನ್ನು ಕೊಟ್ಟ ನೆಲವದು. ಒಂದು ಕಾಲದಲ್ಲಿ ವಿಜಾಪುರದಿಂದ ಓಡಿದವನು ಕೃಷ್ಣೆಯನ್ನು ದಾಟಿ ವಿಜಯನಗರದವನಾಗುತ್ತಿದ್ದನು. ವಿಜಯನಗರದಿಂದ ಓಡಿದವನು ವಿಜಾಪುರದವನಾಗುತ್ತಿದ್ದನು. ಆದರೆ ೧೮೦೦ರ ಸೆಪ್ಟೆಂಬರಿನಲ್ಲಿ ಪೇಶವೆಯ ಕುದುರೆಗಳೂ ನಿಜಾಮನ ಕುದುರೆಗಳೂ ಒಂದೇ ದಂಡಾಗಿ ಕಂಪನಿಯ ಸೂಚನೆಯಂತೆ ನಡೆಯುತ್ತಿದ್ದುವು. ಮೈಸೂರು ಕಂಪನಿಯ ಕೈಕೆಳಗಿತ್ತು. ಬಡಗಣದಲ್ಲಿ ಕೃಷ್ಣೆಯು ತುಂಬಿತ್ತು, ತೆಂಕಣದಲ್ಲಿ ತುಂಗಭದ್ರೆಯು ತುಂಬಿತ್ತು. ಮುಂದೆ ಮುಂದೆ ಹೋದಷ್ಟೂ ಎರಡು ಹೊಳೆಗಳು ಹತ್ತಿರವಾಗುತ್ತ ಬರುವ ನೆಲದಲ್ಲಿ ಅವನು ಕಾಲಿಟ್ಟಿದ್ದನು.

ವೆಲ್ಲೆಸ್ಲಿಯು ಸೆಪ್ಟೆಂಬರ್ ೫ರಂದು ಹನುಮಸಾಗರದ ಬಳಿ ನಿಜಾಮನ ಸೀಮೆಯನ್ನು ಹೊಕ್ಕನು. ಕೃಷ್ಣೆಯ ದಂಡೆಯನ್ನು ಹಿಡಿದು ಸ್ಟೀವನ್ಸನ್ನನ ದಂಡು. ತೆಂಕಣ ದಿಕ್ಕಿಗೆ ವೆಲ್ಲೆಸ್ಲಿಯ ದಂಡು. ಇವೆರಡರ ನಡುವೆ ನಿಜಾಮ ಪೇಶವೆಯರ ಕುದುರೆಗಳು. ಹೀಗೆ ಬಲೆಯನ್ನು ಎಳೆಯುತ್ತ ೭ರಂದು ಕನಕಗಿರಿಗೆ ಬಂದರು. ಧೋಂಡಿಯನು ದೋಆಬಿನಲ್ಲಿಯೇ ಪಾಳೆಯ ಇಳಿದಿದ್ದನು. ೯ರ ಬೆಳಿಗ್ಗೆ ಅಲ್ಲಿಂದ ಹೊರಟು ಕೃಷ್ಣೆಯ ಕಡೆಗೆ ಸಾಗಿದವನಿಗೆ ಸ್ಟೀವನ್ಸನ್ನನ ಡೇರೆಗಳು ಕಂಡುವು. ಕೂಡಲೆ ಹಿಂದಿರುಗಿ ತೆಂಕಣಕ್ಕೆ ಬಂದು ಆ ರಾತ್ರಿ ಇಳಿದನು. ಅವನು ಇಳಿದ ಸ್ಥಳಕ್ಕೂ, ವೆಲ್ಲೆಸ್ಲಿಯು ಇಳಿದಿದ್ದ ಯಾಪಲಪರ್ವಿಗೂ ಒಂಬತ್ತು ಮೈಲಿಗಳ ಅಂತರವಷ್ಟೇ. ವೆಲ್ಲೆಸ್ಲಿಯು ಇನ್ನೂ ಹಿಂದೆ ಚಿನ್ನೂರಿನಲ್ಲಿಯೇ ಇದ್ದಾನೆಂದು ಧೋಂಡಿಯನ ನಂಬಿಕೆ. ಜೀವಮಾನವೆಲ್ಲ ಬೇಹುಗಾರಿಕೆಯನ್ನೇ ನೆಚ್ಚಿ ಬದುಕಿದವನಿಗೆ ಆ ಒಂದು ರಾತ್ರಿ ಬೇಹು ತಪ್ಪಿತು.

ಮರುದಿನ, ೧೦ರ ಬೆಳಿಗ್ಗೆ, ನಡುವಣ ಕಂಡಿಯಲ್ಲಿ ನುಸುಳಿ ಪಡುವಣಕ್ಕೆ ತಪ್ಪಿಸಿಕೊಳ್ಳಬೇಕೆಂದು ಧೋಂಡಿಯನು ಹೊರಟಿದ್ದನು. ಯಾಪಲಪರ್ವಿಯಿಂದ ಆರು ಮೈಲಿಯ ಮೇಲೆ ಕೋನಗಲ್ಲೆಂಬ ಊರ ಬಳಿ ಎರಡು ದಂಡುಗಳೂ ಸಂಧಿಸಿದುವು. ಧೋಂಡಿಯನ ಬಳಿ ಐದು ಸಾವಿರದಷ್ಟು ಕುದುರೆಗಳಿದ್ದುವು. ಕಾಲಾಳುಗಳಾಗಲಿ ತೋಪುಗಳಾಗಲಿ ಇರಲಿಲ್ಲ. ವೆಲ್ಲೆಸ್ಲಿಯ ಕಾಲಾಳುಗಳು ಇನ್ನೂ ಹಿಂದೆ ಇದ್ದರು. ಮುಂದಿದ್ದುದು ನಾಲ್ಕು ಕುದುರೆ ಪಟಾಲಮುಗಳು, ಅವುಗಳಲ್ಲಿ ಎರಡು ಇಂಗ್ಲಿಷರವು, ಎರಡು ಮದ್ರಾಸಿನ ದೇಶೀಯರವು. ಹಿಂದೆಯೂ ಎಡಗಡೆಯೂ ಊರು ಮತ್ತು ಬಂಡೆಯ ಗುಡ್ಡದ ಮರೆಯನ್ನು ಹಿಡಿದು ಧೋಂಡಿಯನ ರಾವುತರು ಸಾಲಾಗಿ ನಿಂತರು. ಎದುರಿನ ಸಾಲು ಉದ್ದವಾದುದರಿಂದ ವೆಲ್ಲೆಸ್ಲಿಯು ಹಿಂಬಲಕ್ಕೆ ಒಬ್ಬನನ್ನೂ ಉಳಿಸಿಕೊಳ್ಳದೆ ನಾಲ್ಕು ಪಟಾಲಮುಗಳನ್ನೂ ಒಂದೇ ಸಾಲಾಗಿ ಹರಡಿ, ತಾನೇ ಮುಂದೆ ನಿಂತು ಕುದುರೆಯನ್ನು ಓಡಿಸಿದನು. ಎದುರಾಳಿಯ ಸಾಲು ಕೆಲವು ನಿಮಿಷಗಳ ಕಾಲ ಅಲುಗಲಿಲ್ಲ. ಧೋಂಡಿಯನ ಆಳುಗಳು ಧೈರ್ಯದಿಂದಲೇ ನಿಂತಿದ್ದರೆಂದು ವೆಲ್ಲೆಸ್ಲಿಯೇ ಬರೆದಿರುವುದರಿಂದ ಅದನ್ನು ನಂಬಬಹುದು. ಆಮೇಲೆ ಸಾಲು ಮುರಿಯಿತು. ಬೆನ್ನಟ್ಟುವಿಕೆಯು ಮೈಲಿಗಟ್ಟಲೆ ನಡೆಯಿತು. ಬಿದ್ದವರ ನಡುವೆ ಧೋಂಡಿಯನೂ ಇದ್ದನು. ಗುರುತು ಹಿಡಿದವರು ಹೆಣವನ್ನು ಕುದುರೆ ತೋಪಿನ ಗಾಡಿಯ ಮೇಲೆ ಕಟ್ಟಿ ಇಂಗ್ಲಿಷರ ಪಾಳೆಯಕ್ಕೆ ತಂದರು.

ಆ ಐದು ಸಾವಿರದಲ್ಲಿ ಉಳಿದವರು ಏನಾದರು? ವೆಲ್ಲೆಸ್ಲಿಯ ಕಾಗದದ ಪ್ರಕಾರ ಸಣ್ಣ ಸಣ್ಣ ಗುಂಪುಗಳಾಗಿ ನಾಡಿನಲ್ಲೆಲ್ಲ ಚದರಿಹೋದರು. 'ಚದರುವುದು' ಎಂಬ ಒಂದು ಮಾತಿನಲ್ಲಿ ಒಂದು ಕಸುಬಿನ ಅಂತ್ಯವೇ ಅಡಗಿದೆ. ಒಂದೇ ತಿಂಗಳು ಕಳೆದು, ೧೮೦೦ರ ಅಕ್ಟೋಬರಿನಲ್ಲಿ, ನಿಜಾಮನು ತುಂಗಭದ್ರೆಯ ತೆಂಕಣ ಸೀಮೆಗಳನ್ನು ಕಂಪನಿಗೆ ಬಿಟ್ಟುಕೊಟ್ಟು ತನ್ನ ರಕ್ಷಣೆಯನ್ನು ಅದರ ದಂಡಿಗೇ ಒಪ್ಪಿಸಿದನು. ದೋಆಬು ಮಾತ್ರ ಅವನಲ್ಲಿ ಉಳಿಯಿತು. ಎರಡು ವರ್ಷಗಳಲ್ಲಿ ಪೇಶವೆಯೂ ಅದೇ ಮಾರ್ಗವನ್ನು ಹಿಡಿದನು. ಒಡೆಯರೆಲ್ಲರ ಕತ್ತಿಯೂ ಒಬ್ಬನ ಕೈಯಲ್ಲಿ ಸೇರಿದಮೇಲೆ ಸಿಲೇದಾರನಿಗೆ ಚೌಕಾಸಿಯ ಮಾತೆಲ್ಲಿ? ಆತನ ಮುಂದೆ ಉಳಿದುವು ಎರಡೇ ದಾರಿಗಳು: ಕೊಟ್ಟಷ್ಟಕ್ಕೆ ಒಪ್ಪಿ ನಿಲ್ಲುವುದು, ಇಲ್ಲವೆ ಪೆಂಡಾರಿಯಾಗುವುದು. ಮೈಸೂರಿನಲ್ಲಿ ಪೂರ್ಣಯ್ಯನು ಇದನ್ನು ಅರಿತಿದ್ದನೆಂದು ತೋರುತ್ತದೆ. ೧೮೦೭ರ ಒಪ್ಪಂದದಂತೆ ಮೈಸೂರು ಸರಕಾರವು ನಾಲ್ಕು ಸಾವಿರ ಕುದುರೆಗಳನ್ನು ಯಾವಾಗಲೂ ಸಿದ್ಧವಾಗಿಟ್ಟುಕೊಳ್ಳಬೇಕಾಯಿತು. ಅದು ರಾಜ್ಯದ ಬೊಕ್ಕಸಕ್ಕೆ ಭಾರವೇ ಆಗಿತ್ತು. ಆದರೆ ಧೋಂಡಿಯನ ಹಿಂದೆ ಹೋಗಬಹುದಾಗಿದ್ದವರು ಆ ಮೂಲಕ ತಿಂಗಳ ಸಂಬಳವನ್ನು ಕಂಡರು.

ಕೋನಗಲ್ಲಿನಿಂದ ಮೂರು ಮೈಲಿಯ ಮೇಲೆ ಧೋಂಡಿಯನ ಪಾಳೆಯದ ಸಾಮಾನುಗಳು ಬಿದ್ದಿದ್ದುವು. ಆನೆ, ಒಂಟೆ, ಡೇರೆ ಮೊದಲಾದುವುಗಳ ನಡುವೆ ನಾಲ್ಕು ವರ್ಷದ ಒಂದು ಗಂಡುಮಗುವು ಸಿಕ್ಕಿತು. ಧೋಂಡಿಯನ ಮಗ, ಹೆಸರು ಸಲಾಬತಖಾನ್. ಮಗುವನ್ನು ವೆಲ್ಲೆಸ್ಲಿಯ ಡೇರೆಗೆ ಕರೆತಂದರು. ಅವನು ಅದನ್ನು ತನ್ನ ರಕ್ಷಣೆಯಲ್ಲಿಯೇ ಇಟ್ಟುಕೊಂಡನು. ೧೮೦೫ರಲ್ಲಿ ಹಿಂದೂಸ್ಥಾನವನ್ನು ಬಿಟ್ಟು ಹೊರಡುವಾಗ ಹುಡುಗನ ಪೋಷಣೆಗೆಂದು ಕೆಲವು ನೂರು ಪೌಂಡುಗಳನ್ನು ಶ್ರೀರಂಗಪಟ್ಟಣದಲ್ಲಿ ಅಧಿಕಾರಿಗಳ ವಶಕ್ಕೆ ಒಪ್ಪಿಸಿ ಹೋದನು. ಹುಡುಗನು ಬೆಳೆದು ಸುಂದರನೂ ಬುದ್ಧಿವಂತನೂ ಆದ ತರುಣನಾಗಿ ಮೈಸೂರು ಮಹಾರಾಜರ ಊಳಿಗಕ್ಕೆ ಸೇರಿದನು. ೧೮೨೨ರಲ್ಲಿ ವಾಂತಿಭೇದಿಯ ಬೇನೆಯಿಂದ ಸಾಯುವ ತನಕ ಅದೇ ಊಳಿಗದಲ್ಲಿದ್ದನು.